ಹಾಸಿಗೆ ಇಲ್ಲದ ಕಸ

ಬೆಂಗಳೂರಿನಿಂದ ಸೇಲಂಗೆ ಹೋಗುವ ಹೆದ್ದಾರಿ ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿ ತೊಪ್ಪೂರು ಘಾಟಿಯಲ್ಲಿ ಇಳಿಯುತ್ತದೆ. ಘಾಟಿ ಮುಗಿದು, ಓಮಲೂರು ಹಿಂದೆ ಸರಿದು, ಸೇಲಂ ಇನ್ನೇನು ಬಂತು ಎನ್ನುವಾಗ ಕರುಪ್ಪೂರಿನಲ್ಲಿ ರಸ್ತೆ ಪಕ್ಕಕ್ಕೇ ಪೆರಿಯಾರ್ ವಿಶ್ವವಿದ್ಯಾಲಯ ಸಿಗುತ್ತದೆ. 1997ರಲ್ಲಿ ಶುರುವಾದದ್ದು. ಸೇಲಂ, ನಾಮಕ್ಕಲ್, ಧರ್ಮಪುರಿ, ಕೃಷ್ಣಗಿರಿ ಎಂಬ ನಾಲ್ಕು ಜಿಲ್ಲೆಗಳ ನೂರಕ್ಕೂ ಹೆಚ್ಚು ಕಾಲೇಜುಗಳು ಇದರ ಅಡಿಯಲ್ಲಿವೆ. ಧರ್ಮಪುರಿಯ ಪೈಸುಹಳ್ಳಿಯಲ್ಲಿ ಇದರದೇ ಸ್ನಾತಕೋತ್ತರ ಕೇಂದ್ರವಿದೆ. ಮನೆಮಾತು ಕನ್ನಡವಾಗಿದ್ದ ಈರೋಡಿನ 'ಪೆರಿಯಾರ್' ರಾಮಸ್ವಾಮಿಯವರ ಹೆಸರಿನ ವಿಶ್ವವಿದ್ಯಾಲಯ, ಒಂದು ಕಾಲಕ್ಕೆ ನೊಳಂಬರು ಆಳಿ ಕನ್ನಡ ಶಾಸನ ನೆಟ್ಟು ಹೋದ ಸೀಮೆ. ಇಷ್ಟೆಲ್ಲ ನಂಟಿದ್ದರೂ ಈ ಬರಹಕ್ಕೆ ಬೇಕಾದದ್ದು ಶಾಸನವಲ್ಲ, ಲ್ಯಾಬಿನ ಸಿಂಕು.

ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ಕಲಿಸುವ ಯಾವುದೇ ಕ್ಯಾಂಪಸ್ಸಿನಲ್ಲಿ ಮಧ್ಯಾಹ್ನದ ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಉಳಿಯುವುದು ಇವು: ಬ್ಯಾಕ್ಟೀರಿಯಾ ಬೆಳೆದ ಪೆಟ್ರಿ ಪ್ಲೇಟುಗಳ ಗೋಪುರ, ಮಬ್ಬುಗಟ್ಟಿದ ಬ್ರಾತ್ ತುಂಬಿದ ಫ್ಲಾಸ್ಕುಗಳು, ಬಳಸಿ ಎಸೆದ ನೀಲಿ ಹಳದಿ ಪಿಪೆಟ್ ಟಿಪ್ಸ್, ಬೆರಳು ಚುಚ್ಚಿ ರಕ್ತದ ಗುಂಪು ನೋಡಿದ ಸ್ಲೈಡುಗಳು, ಅದಕ್ಕೆ ಬಳಸಿದ ಲ್ಯಾನ್ಸೆಟ್ಟು, ಜೆಲ್ ಓಡಿಸಿದ ಮೇಲೆ ಉಳಿದ ಗುಲಾಬಿ ಬಣ್ಣದ ಲೋಳೆ. ವಿದ್ಯಾರ್ಥಿಗಳು ರೆಕಾರ್ಡ್ ಬರೆದು ಸಹಿ ಹಾಕಿಸಿಕೊಂಡು ಬಸ್ಸಿಗೆ ಓಡುತ್ತಾರೆ. ಮೇಜು ಖಾಲಿ ಮಾಡುವುದು ಅಟೆಂಡರ್ ಪಾಲಿನ ಕೆಲಸ. ಅಲ್ಲಿಂದ ಮುಂದೆ ಆ ವಸ್ತುಗಳ ಗತಿ ಏನು ಎಂಬುದು ಪಠ್ಯದಲ್ಲಿ ಒಂದು ಪ್ಯಾರಾ, ಪರೀಕ್ಷೆಯಲ್ಲಿ ಅಪರೂಪಕ್ಕೊಂದು ಪ್ರಶ್ನೆ.

ಕಾನೂನು ಇಲ್ಲವೇ ಅಂದರೆ, ಧಾರಾಳವಾಗಿ ಇದೆ. ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳು ಮೊದಲು ಬಂದದ್ದು 1998ರಲ್ಲಿ. ಅವನ್ನು ಬದಲಿಸಿ 2016ರ ಮಾರ್ಚ್ 28ರಂದು ಹೊಸ ನಿಯಮ ಬಂತು. ಅದರ ವ್ಯಾಪ್ತಿಯಲ್ಲಿ ಆಸ್ಪತ್ರೆ, ಕ್ಲಿನಿಕ್ಕು, ರಕ್ತನಿಧಿಗಳ ಜೊತೆಗೆ ಪಶುವೈದ್ಯ ಸಂಸ್ಥೆ, ಪ್ರಯೋಗದ ಪ್ರಾಣಿಗಳ ಮನೆ, ಸಂಶೋಧನೆ ಮತ್ತು ಶಿಕ್ಷಣ ಸಂಸ್ಥೆಗಳ ಹೆಸರೂ ಇದೆ. ಹಳದಿ ಚೀಲದ ಪಟ್ಟಿಯಲ್ಲಿ ಮೈಕ್ರೋಬಯಾಲಜಿ ಮತ್ತು ಬಯೋಟೆಕ್ನಾಲಜಿಯ ಕಸಕ್ಕೆಂದೇ ಒಂದು ಸಾಲು ಮೀಸಲು: ಸೂಕ್ಷ್ಮಜೀವಿಗಳ ಕಲ್ಚರು, ಮಾನವ ಮತ್ತು ಪ್ರಾಣಿ ಜೀವಕೋಶಗಳ ಕಲ್ಚರು, ಉಳಿದ ವಿಷ, ಕಲ್ಚರಿಗೆ ಬಳಸಿದ ತಟ್ಟೆ ಮತ್ತು ಸಲಕರಣೆ. ಇವನ್ನು ಹುಟ್ಟಿದ ಜಾಗದಲ್ಲೇ ನಿರ್ಜೀವಗೊಳಿಸಿ, ಆಮೇಲೆ ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಕಳಿಸಬೇಕು. ಸಂಸ್ಕರಿಸದ ಬಯೋಟೆಕ್ನಾಲಜಿ ಕಸವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸೂಜಿ, ಬ್ಲೇಡು ಬಿಳಿ ಅರೆಪಾರದರ್ಶಕ ಡಬ್ಬಕ್ಕೆ, ಪ್ಲಾಸ್ಟಿಕ್ಕು ಕೆಂಪು ಚೀಲಕ್ಕೆ, ಗಾಜು ನೀಲಿ ಗುರುತಿನ ಪೆಟ್ಟಿಗೆಗೆ.

ಇಷ್ಟು ಸ್ಪಷ್ಟವಿದ್ದೂ ವಿಶ್ವವಿದ್ಯಾಲಯದ ಕಸ ಜಾರಿಹೋಗುವುದು ಯಾಕೆ? ನನಗೆ ಕಾಣುವ ಕಾರಣ ಹಾಸಿಗೆ. ದೇಶದಲ್ಲಿ ದಿನಕ್ಕೆ ಸುಮಾರು 700 ಟನ್ ಜೈವಿಕ ವೈದ್ಯಕೀಯ ತ್ಯಾಜ್ಯ ಹುಟ್ಟುತ್ತದೆ. ಅದನ್ನು ಸಾಗಿಸಿ ಸುಡುವ ಇಡೀ ವ್ಯವಸ್ಥೆಯ ಲೆಕ್ಕ ನಡೆಯುವುದು ಹಾಸಿಗೆಗಳಲ್ಲಿ. ಒಂದು ಸಾಮೂಹಿಕ ಘಟಕಕ್ಕೆ 75 ಕಿಲೋಮೀಟರ್ ತ್ರಿಜ್ಯದಲ್ಲಿ 10,000 ಹಾಸಿಗೆ ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆಗೋಲು. ಹಾಸಿಗೆ ಸಾಲದಿದ್ದರೆ ದೂರ 150 ಕಿಲೋಮೀಟರಿಗೆ ಹಿಗ್ಗಬಹುದು. ಆಸ್ಪತ್ರೆಗಳು ಶುಲ್ಕ ಕಟ್ಟುವುದೂ ಸಾಮಾನ್ಯವಾಗಿ ದಿನಕ್ಕೆ, ಹಾಸಿಗೆಗೆ ಇಷ್ಟು ಎಂದು. ಸೇಲಂನಲ್ಲಿ 1986ರಿಂದ ಮೋಹನ್ ಕುಮಾರಮಂಗಲಂ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಧರ್ಮಪುರಿಯಲ್ಲಿ 2008ರಿಂದ ಇನ್ನೊಂದು. ಅಲ್ಲಿಗೆ ಗಾಡಿ ಬರಲೇಬೇಕು. ಒಂದು ದಿನ ತಪ್ಪಿದರೆ ವಾಸನೆಯೇ ದೂರು ಕೊಡುತ್ತದೆ. ಎಂಎಸ್ಸಿ ಮೈಕ್ರೋಬಯಾಲಜಿಯ ಹದಿನೈದು ಹುಡುಗಿಯರು ವಾರಕ್ಕೆ ಎಸೆಯುವ ಎರಡು ಬುಟ್ಟಿ ಪ್ಲೇಟಿಗೆ ಹಾಸಿಗೆಯೂ ಇಲ್ಲ, ವಾಸನೆಯೂ ಅಷ್ಟಿಲ್ಲ.

ಇನ್ನೊಂದು ತೊಡಕು ನಿಯಮದ ಒಳಗೇ ಇದೆ. ಮನುಷ್ಯ ಅಥವಾ ಪ್ರಾಣಿಯ ರೋಗಪತ್ತೆ, ಚಿಕಿತ್ಸೆ, ಲಸಿಕೆ ಮತ್ತು ಅದಕ್ಕೆ ಸಂಬಂಧಿಸಿದ ಸಂಶೋಧನೆಯಿಂದ ಹುಟ್ಟಿದ್ದು ಜೈವಿಕ ವೈದ್ಯಕೀಯ ತ್ಯಾಜ್ಯ ಎನ್ನುತ್ತದೆ ವ್ಯಾಖ್ಯೆ. ಹೊಲದ ಮಣ್ಣಿನಿಂದ ಬ್ಯಾಕ್ಟೀರಿಯಾ ತೆಗೆದು ಅದು ಯಾವ ಕಿಣ್ವ ಮಾಡುತ್ತದೆ ಎಂದು ನೋಡುವವಳ ಕಲ್ಚರು ವೈದ್ಯಕೀಯವೇ? ವಕೀಲರು ವಾದಿಸಬಹುದು. ವಂಶವಾಹಿ ತಿದ್ದಿದ ಜೀವಿಗಳಂತೂ ಈ ನಿಯಮದಿಂದಲೇ ಹೊರಗೆ. ಅವಕ್ಕೆ 1989ರ ಪ್ರತ್ಯೇಕ ನಿಯಮ, ಸಂಸ್ಥೆಯೊಳಗೊಂದು ಜೈವಿಕ ಸುರಕ್ಷತಾ ಸಮಿತಿ. ಫಾರ್ಮಲಿನ್, ಜೆಲ್‌ಗೆ ಹಾಕುವ ಎಥಿಡಿಯಂ ಬ್ರೋಮೈಡ್‌ನಂಥವು ಮತ್ತೊಂದು ಕಾಗದದ ಕೆಳಗೆ ಬರುತ್ತವೆ. ಒಂದೇ ಮೇಜಿನ ಕಸ ಮೂರು ಕಾನೂನುಗಳಿಗೆ ಹಂಚಿಹೋಗುತ್ತದೆ. ಬುಟ್ಟಿ ಮಾತ್ರ ಒಂದೇ.

ಈಗ ಆಟೋಕ್ಲೇವ್ ವಿಷಯ. ನಿರ್ಜೀವಗೊಳಿಸುವುದು ಅಂದರೆ ಬಹುತೇಕ ಇದೇ. ಪಾಶ್ಚರ್ ಜೊತೆ ಕೆಲಸ ಮಾಡುತ್ತಿದ್ದ ಷಾರ್ಲ್ ಷಾಂಬರ್ಲಾಂ 1879ರಲ್ಲಿ ರೂಪಿಸಿದ ಯಂತ್ರ, ತತ್ವದಲ್ಲಿ ಇವತ್ತಿಗೂ ಹಾಗೇ ಇದೆ. ಪಿಯುಸಿಯಿಂದ ಪಿಎಚ್‌ಡಿವರೆಗೆ ಎಲ್ಲರಿಗೂ ಬಾಯಿಪಾಠವಾದ ಮಂತ್ರ: 121 ಡಿಗ್ರಿ, 15 ಪೌಂಡು, 15 ನಿಮಿಷ. ಈ ಮಂತ್ರ ಬ್ಯಾಕ್ಟೀರಿಯಾ ಬೆಳೆಸುವ ಮೀಡಿಯಾ ತಯಾರಿಗೆ ಸರಿ. ಶುದ್ಧ ನೀರು, ಶುದ್ಧ ಪುಡಿ, ತೆಳು ಗಾಜಿನ ಫ್ಲಾಸ್ಕು. ಅಲ್ಲಿರುವ ಸೂಕ್ಷ್ಮಜೀವಿಗಳೇ ಕಮ್ಮಿ. ಕಸದ ಚೀಲ ಬೇರೆಯೇ ಜಾತಿ. ಪ್ಲೇಟಿನ ಮೇಲೆ ಪ್ಲೇಟು, ನಡುನಡುವೆ ಗಾಳಿ, ಬಾಯಿ ಕಟ್ಟಿದ ಪ್ಲಾಸ್ಟಿಕ್ಕು, ಒಂದೊಂದು ಕಾಲೊನಿಯಲ್ಲೂ ಕೋಟಿಗಟ್ಟಲೆ ಜೀವಿಗಳು. ಹಾಗಾಗಿ ನಿಯಮ ಕಸಕ್ಕೆ ಬೇರೆ ಲೆಕ್ಕ ಕೊಡುತ್ತದೆ. ಗಾಳಿ ತಾನಾಗಿ ಹೊರಹೋಗುವ ಮಾಮೂಲಿ ಆಟೋಕ್ಲೇವಿನಲ್ಲಿ 121 ಡಿಗ್ರಿಗೆ ಕನಿಷ್ಠ 60 ನಿಮಿಷ. 135 ಡಿಗ್ರಿಗೆ ಏರಿಸುವುದಾದರೆ 45 ನಿಮಿಷ. ಮೊದಲೇ ನಿರ್ವಾತ ಮಾಡುವ ಯಂತ್ರದಲ್ಲಿ 121ಕ್ಕೆ 45 ನಿಮಿಷ. ಪುಸ್ತಕದ ಹದಿನೈದಕ್ಕೂ ಕಾನೂನಿನ ಅರವತ್ತಕ್ಕೂ ನಾಲ್ಕು ಪಟ್ಟು ಅಂತರ. ಎಷ್ಟು ಲ್ಯಾಬಿನ ಗೋಡೆ ಮೇಲೆ ಎರಡನೆಯ ಸಂಖ್ಯೆ ಅಂಟಿಸಿದ್ದಾರೆ ಎಂದು ಓದುಗರಲ್ಲಿ ಅಧ್ಯಾಪಕರಿದ್ದರೆ ನಾಳೆ ಹೋಗಿ ನೋಡಬಹುದು.

ಗಾಳಿಯ ತಕರಾರು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದೇ. ಕುಕ್ಕರಿನಲ್ಲಿ ಹಬೆ ಜೋರಾಗಿ ಬರುವ ಮೊದಲೇ ವೆಯ್ಟ್ ಹಾಕಿಬಿಟ್ಟರೆ ಒಳಗೆ ಗಾಳಿ ಉಳಿಯುತ್ತದೆ, ಬೇಳೆ ಅರೆಬೆಂದಿರುತ್ತದೆ. ಆಟೋಕ್ಲೇವಿನಲ್ಲಿ ಗಾಳಿ ಉಳಿದರೆ ಮುಳ್ಳು 15 ಪೌಂಡು ತೋರಿಸಿದರೂ ಶಾಖ 121 ಮುಟ್ಟಿರುವುದಿಲ್ಲ. ಬೇಳೆಯಾದರೆ ನಾಲಿಗೆಗೆ ಗೊತ್ತಾಗುತ್ತದೆ. ಪ್ಲೇಟು ಬೆಂದಿತೋ ಇಲ್ಲವೋ ಹೇಗೆ ತಿಳಿಯುವುದು? ಬಿಸಿಗೆ ಬಣ್ಣ ಬದಲಿಸುವ ಟೇಪನ್ನು ಚೀಲಕ್ಕೆ ಅಂಟಿಸಿರುತ್ತಾರೆ; ಲ್ಯಾಬುಗಳಲ್ಲಿ ಕೇಳುವ ಮಾತು, 'ಟೇಪು ಕಪ್ಪಾಯಿತಾ?' ಆದರೆ ಆ ಟೇಪು ಹೇಳುವುದು ಚೀಲದ ಹೊರಮೈಗೆ ಬಿಸಿ ತಾಗಿತು ಎಂದಷ್ಟೇ. ಚೀಲದ ನಡುವೆ ಏನಾಯಿತು ಎಂದು ಹೇಳಬಲ್ಲದ್ದು ಇನ್ನೊಂದು ಬ್ಯಾಕ್ಟೀರಿಯಾ: ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್. ಕೆಟ್ಟುಹೋದ ಡಬ್ಬಿ ಆಹಾರದಲ್ಲಿ ಮೊದಲು ಸಿಕ್ಕ, ಬಿಸಿಗೆ ಜಗ್ಗದ ಜೀವಿ. ಇದರ ಹತ್ತು ಲಕ್ಷ ಬೀಜಕಣಗಳಿರುವ ಪಟ್ಟಿಯನ್ನು ಕಸದ ನಟ್ಟನಡುವೆ ಇಟ್ಟು ಬೇಯಿಸಬೇಕು. ಆಮೇಲೆ ಅದನ್ನು ಮೊಳೆಯಲು ಬಿಟ್ಟಾಗ ಏನೂ ಬೆಳೆಯಬಾರದು. ವಾರಕ್ಕೊಮ್ಮೆಯಾದರೂ ಈ ಪರೀಕ್ಷೆ ಮಾಡಿ ದಾಖಲೆ ಇಡಬೇಕು ಎನ್ನುತ್ತದೆ ನಿಯಮ. ದಾಖಲೆಗಳನ್ನು ಐದು ವರ್ಷ ಕಾಯ್ದಿಡಬೇಕು. ಮೈಕ್ರೋಬಯಾಲಜಿ ವಿಭಾಗಕ್ಕೆ ಇದಕ್ಕಿಂತ ಒಳ್ಳೆಯ ಪ್ರಾಕ್ಟಿಕಲ್ ಯಾವುದಿದೆ? ಖರ್ಚು ಕಮ್ಮಿ, ಪಾಠ ಜೀವಂತ, ಉಪಯೋಗ ನೇರ. ಆದರೂ ಪಠ್ಯಕ್ರಮ ಬರೆಯುವವರಿಗೆ ಇದು ಕಸದ ಕೆಲಸವಾಗಿ ಕಾಣುತ್ತದೆಯೇ ಹೊರತು ವಿಜ್ಞಾನವಾಗಿ ಅಲ್ಲ.

ಎಲ್ಲವನ್ನೂ ಆಟೋಕ್ಲೇವಿಗೆ ತುಂಬುವುದೂ ಅಪಾಯವೇ. ಬ್ಲೀಚು ಹಾಕಿದ ದ್ರವವನ್ನು ಬೇಯಿಸಿದರೆ ಕ್ಲೋರಿನ್ ಅನಿಲ ಮೂಗಿಗೆ ಬರುತ್ತದೆ. ಡಿಎನ್‌ಎ ತೆಗೆಯುವ ಕಿಟ್ಟುಗಳ ದ್ರಾವಣದಲ್ಲಿ ಗ್ವಾನಿಡಿನ್ ಇರುತ್ತದೆ. ಗ್ವಾನಿಡಿನ್ ಥಯೋಸಯನೇಟಿಗೆ ಬ್ಲೀಚು ಬಿದ್ದರೆ ಸಯನೈಡ್ ಅನಿಲ ಹುಟ್ಟಬಹುದು. 2020ರಲ್ಲಿ ಕೊರೊನಾ ಮಾದರಿಗಳ ದ್ರಾವಣದ ವಿಷಯದಲ್ಲಿ ಅಮೆರಿಕದ ಔಷಧ ಆಡಳಿತ ಇದೇ ಎಚ್ಚರಿಕೆ ಕೊಟ್ಟಿತ್ತು. ಎಥಿಡಿಯಂ ಬ್ರೋಮೈಡ್ ಬೆಂದು ನಾಶವಾಗುವ ಪೈಕಿಯದಲ್ಲ. ಪ್ರಾಣಿಶಾಸ್ತ್ರ ವಿಭಾಗದ ಕಪಾಟುಗಳಲ್ಲಿ ಫಾರ್ಮಲಿನ್ ಜಾಡಿಗಳು ಇನ್ನೂ ಸಾಲಾಗಿ ನಿಂತಿವೆ. 2014ರಲ್ಲಿ ಯುಜಿಸಿ ಪ್ರಾಣಿಗಳ ಛೇದನ ನಿಲ್ಲಿಸಿದ್ದರಿಂದ ಹೊಸ ಕಪ್ಪೆ ಬರುತ್ತಿಲ್ಲ, ಹಳೆಯ ಕಪ್ಪೆ ಎಲ್ಲಿಗೂ ಹೋಗುತ್ತಿಲ್ಲ. ಇನ್ನು ಬ್ಲೀಚು ಯಾವಾಗಲೂ ಒಂದೇ ಬಲದ್ದಲ್ಲ: ಬಾಟಲಿ ತೆರೆದಿಟ್ಟಷ್ಟೂ, ನೀರು ಬೆರೆಸಿಟ್ಟಷ್ಟೂ ಅದರ ಶಕ್ತಿ ಇಳಿಯುತ್ತದೆ. ಚೀನಾದ ಲಾನ್‌ಜೋ ನಗರದಲ್ಲಿ 2019ರ ಬೇಸಿಗೆಯಲ್ಲಿ ಪ್ರಾಣಿಗಳ ಲಸಿಕೆ ಕಾರ್ಖಾನೆಯೊಂದು ಅವಧಿ ಮೀರಿದ ಸೋಂಕುನಾಶಕ ಬಳಸಿತು. ಪೂರ್ತಿ ಸಾಯದ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಹೊಗೆಯ ಜೊತೆ ಗಾಳಿಗೆ ಸೇರಿ, ಗಾಳಿ ಬೀಸಿದ ದಿಕ್ಕಿನಲ್ಲಿದ್ದ ಪಶುವೈದ್ಯ ಸಂಶೋಧನಾ ಸಂಸ್ಥೆಯವರಿಗೆ ಮೊದಲು ತಗುಲಿತು. ಕೊನೆಗೆ ಸೋಂಕಿತರೆಂದು ಪರೀಕ್ಷೆಯಲ್ಲಿ ಕಂಡವರು ಹತ್ತು ಸಾವಿರ ದಾಟಿದರು.

ಸಿಂಕಿಗೆ ಬರೋಣ. ಪ್ರಯೋಗಾಲಯದ ಮೋರಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಪಿರ್‌ಬ್ರೈಟ್ ಪಾಠ ದೊಡ್ಡದು. 2007ರ ಆಗಸ್ಟ್‌ನಲ್ಲಿ ಸರ್ರೆ ಪ್ರಾಂತ್ಯದ ದನಗಳಲ್ಲಿ ಕಾಲುಬಾಯಿ ಜ್ವರ ಕಾಣಿಸಿತು. ವೈರಸ್ಸು ಯಾವುದೆಂದು ನೋಡಿದರೆ 1967ರ ತಳಿ, ಆಗ ಹೊರಗೆಲ್ಲೂ ಸುಳಿದಾಡದ್ದು, ಪಕ್ಕದ ಪಿರ್‌ಬ್ರೈಟ್ ಆವರಣದಲ್ಲಿ ಸಂಶೋಧನೆಗೂ ಲಸಿಕೆಗೂ ಬಳಸುತ್ತಿದ್ದದ್ದು. ತನಿಖೆ ತಲುಪಿದ್ದು ನೆಲದಡಿಯ ಹಳೆಯ ಕೊಳವೆಗೆ. ಮರದ ಬೇರು ನುಗ್ಗಿ ಬಿರಿದ ಪೈಪು, ಸರಿಯಾಗಿ ಮುಚ್ಚದ ಮ್ಯಾನ್‌ಹೋಲು, ಆ ವರ್ಷದ ಜುಲೈನ ವಿಪರೀತ ಮಳೆ, ಕಟ್ಟಡ ಕೆಲಸಕ್ಕೆ ಬಂದ ಲಾರಿಗಳ ಚಕ್ರಕ್ಕೆ ಮೆತ್ತಿದ ಕೆಸರು. ಎರಡು ಸಾವಿರಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಯಿತು. ಪೈಪು ಹಳೆಯದೆಂದು ಅಲ್ಲಿದ್ದವರಿಗೆ ಗೊತ್ತಿತ್ತು. ರಿಪೇರಿಯ ದುಡ್ಡು ಯಾರದು ಎಂಬ ಮಾತು ಮುಗಿದಿರಲಿಲ್ಲ. ಜಗತ್ತಿನ ಹೆಸರಾಂತ ಪಶುರೋಗ ಕೇಂದ್ರದ ಕಥೆ ಇದು.

ಧರ್ಮಪುರಿ ಕಡೆಯವರಿಗೆ ಮೋರಿಯ ಪಾಠವನ್ನು ಇಂಗ್ಲೆಂಡಿನಿಂದ ತರಿಸಬೇಕಿಲ್ಲ. ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೀರನ್ನು ಹೊತ್ತು ಹೊಸೂರಿನ ಕೆಲವರಪಳ್ಳಿ ಜಲಾಶಯಕ್ಕೆ ನೊರೆ ತಂದು ಸುರಿಯುತ್ತದೆ. ಅಲ್ಲಿಂದ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ದಾರಿಯಾಗಿ ಪೂರ್ವಕ್ಕೆ ಹರಿಯುತ್ತದೆ. ದೇಶದಲ್ಲೇ ಅತಿ ಹೆಚ್ಚು ಬಯೋಟೆಕ್ ಲ್ಯಾಬುಗಳಿರುವ ಊರುಗಳಲ್ಲೊಂದು ಬೆಂಗಳೂರು. ಅದು ಮೇಲಿದೆ, ಇವರು ಕೆಳಗಿದ್ದಾರೆ. ಕರ್ನಾಟಕದ ಓದುಗರು ಈ ಲೇಖನವನ್ನು ಪಕ್ಕದ ರಾಜ್ಯದ ಸಮಾಚಾರ ಎಂದು ಓದಬಾರದು ಅನ್ನುವುದಕ್ಕೆ ಇಷ್ಟು ಸಾಕು.

ಉತ್ಪ್ರೇಕ್ಷೆಯೂ ಬೇಡ. ತರಗತಿಯಲ್ಲಿ ಬಳಸುವ ಇ-ಕೊಲೈ ತಳಿ ಬಡಪಾಯಿ ಜೀವಿ. ಲ್ಯಾಬಿನ ಆರೈಕೆ ತಪ್ಪಿದರೆ ಹೊರಗೆ ಬಾಳುವುದೇ ಕಷ್ಟ. ಅದರೊಳಗಿನ ಆಂಪಿಸಿಲಿನ್ ನಿರೋಧಕ ವಂಶವಾಹಿಯೂ ಚರಂಡಿಗೆ ಹೊಸದಲ್ಲ. ನನ್ನ ಚಿಂತೆ ಇರುವುದು ಎಂಎಸ್ಸಿ ಪ್ರಾಜೆಕ್ಟುಗಳ ಬಗ್ಗೆ. ಆಸ್ಪತ್ರೆಯ ಚರಂಡಿ, ಸಂತೆಯ ಮಾಂಸ, ಸಾಬುದಾಣಿ ಕಾರ್ಖಾನೆಯ ಹೊರನೀರು, ಹೀಗೆ ಎಲ್ಲೆಲ್ಲಿಂದಲೋ ಮಾದರಿ ತಂದು, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹುಡುಕುವುದು ಈಗ ಅಚ್ಚುಮೆಚ್ಚಿನ ವಿಷಯ. ಅದು ಬೇಕಾದ ಕೆಲಸವೇ. ಎನ್‌ಡಿಎಂ-1 ಎಂಬ ನಿರೋಧಕ ವಂಶವಾಹಿ ಚೆನ್ನೈ ಸೇರಿದಂತೆ ಹಲವೆಡೆ ಹರಡಿದ್ದನ್ನು 2010ರಲ್ಲಿ ಲೋಕಕ್ಕೆ ತೋರಿಸಿದ ಪ್ರಬಂಧದ ಮೊದಲ ಲೇಖಕ ಮದ್ರಾಸ್ ವಿಶ್ವವಿದ್ಯಾಲಯದ ಕಾರ್ತಿಕೇಯನ್ ಕುಮಾರಸ್ವಾಮಿ. ಆದರೆ ಈ ಕೆಲಸದ ಸ್ವರೂಪ ನೋಡಿ: ಚರಂಡಿಯಲ್ಲಿ ಸಾವಿರದಲ್ಲೊಂದು ಇದ್ದದ್ದನ್ನು ಆರಿಸಿ, ಉಣಿಸಿ, 37 ಡಿಗ್ರಿಯಲ್ಲಿ ಬೆಚ್ಚಗಿಟ್ಟು, ರಾತ್ರಿ ಬೆಳಗಾಗುವುದರೊಳಗೆ ಕೋಟಿಕೋಟಿ ಮಾಡುತ್ತೇವೆ. ತಂದ ಮಾದರಿಗಿಂತ ಎಸೆಯುವ ಫ್ಲಾಸ್ಕೇ ಘನವಾದದ್ದು.

ಕನ್ನಡನಾಡಿಗೆ ಲ್ಯಾಬಿನ ಸೋಂಕು ಹೊಸ ಮಾತೇನಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸು ಅದನ್ನು ಅಧ್ಯಯನ ಮಾಡುತ್ತಿದ್ದವರನ್ನೇ ಮತ್ತೆ ಮತ್ತೆ ಹಿಡಿದದ್ದರಿಂದ ಅದರ ಕೆಲಸಕ್ಕೆ ಬಿಗಿಭದ್ರತೆಯ ಲ್ಯಾಬು ಕಡ್ಡಾಯವಾಯಿತು. ಆಮೇಲೆ 2020 ಬಂತು. ತಲಪಾಡಿಯಲ್ಲಿ ಗಡಿ ಮುಚ್ಚಿ ಕಾಸರಗೋಡಿನವರು ಮಂಗಳೂರಿಗೆ ಹೋಗಲಾರದೆ ನಿಂತ ದಿನಗಳಲ್ಲೇ, ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ಲ್ಯಾಬು ಕೊರೊನಾ ಪರೀಕ್ಷೆಗೆ ಇಳಿಯಿತು. ಬೆಂಗಳೂರಿನಲ್ಲೂ ಶುದ್ಧ ಸಂಶೋಧನೆಯ ಸಂಸ್ಥೆಗಳು ಅದೇ ಕೆಲಸಕ್ಕೆ ನಿಂತವು. ರಾತ್ರೋರಾತ್ರಿ ಪಾಠದ ಕೋಣೆ ರೋಗಪತ್ತೆಯ ಕೋಣೆಯಾಗಬಲ್ಲದು ಎಂದು ಆಗ ಗೊತ್ತಾಯಿತು. ಮಾದರಿಯ ಕೊಳವೆ, ಟಿಪ್ಸ್ ಎಲ್ಲವನ್ನೂ ಮೊದಲು ನಿರ್ಜೀವಗೊಳಿಸಿ ಕೆಂಪು ಚೀಲಕ್ಕೆ ಹಾಕಿ ಎಂದು ಮಾಲಿನ್ಯ ಮಂಡಳಿ ಸುತ್ತೋಲೆ ಮೇಲೆ ಸುತ್ತೋಲೆ ಹೊರಡಿಸಿತು. ವಿಶ್ವವಿದ್ಯಾಲಯದ ಕಸವನ್ನು ಆಡಳಿತ ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲಿರಬೇಕು.

ಗಮನ ಸಿಗುವುದು ಗಾತ್ರಕ್ಕೆ. 2024ರ ಡಿಸೆಂಬರಿನಲ್ಲಿ ಕೇರಳದ ಆಸ್ಪತ್ರೆಗಳ ಕಸ ತಿರುನೆಲ್ವೇಲಿಯ ಹಳ್ಳಿಗಳಲ್ಲಿ ಸಿಕ್ಕಾಗ ಹಸಿರು ನ್ಯಾಯಮಂಡಳಿ ಮಧ್ಯೆ ಬಂತು, ಲಾರಿಗಳಲ್ಲಿ ಅದನ್ನು ವಾಪಸು ಒಯ್ದರು. ಮರುವರ್ಷ ತಮಿಳುನಾಡು ಇಂಥ ಕಸ ಸುರಿಯುವವರನ್ನೂ ಗೂಂಡಾ ಕಾಯ್ದೆಯೊಳಗೆ ತಂದಿತು. ಮೂರು ಕಿಲೋ ಪೆಟ್ರಿ ಪ್ಲೇಟಿಗೆ ಯಾವ ನ್ಯಾಯಮಂಡಳಿಯೂ ಕೂರುವುದಿಲ್ಲ.

ಕಸ ಗುಜರಿಗೆ ಹೋಗುವ ದಾರಿಯೂ ಒಂದಿದೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ 1968ರಲ್ಲಿ ಕೆನಡಾದಿಂದ ತರಿಸಿದ ಗಾಮಾ ಯಂತ್ರ 1985ರಿಂದ ಮೂಲೆಯಲ್ಲಿತ್ತು. 2010ರ ಫೆಬ್ರುವರಿಯಲ್ಲಿ ಹರಾಜಾಯಿತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಒಡೆದವರಿಗೆ ಒಳಗಿದ್ದದ್ದು ಕೋಬಾಲ್ಟ್-60 ಎಂದು ಗೊತ್ತಿರಲಿಲ್ಲ. ಒಬ್ಬರು ಹೊಳೆಯುವ ಚೂರನ್ನು ಪರ್ಸಿನಲ್ಲಿಟ್ಟುಕೊಂಡಿದ್ದರು. ಒಬ್ಬ ಕಾರ್ಮಿಕ ಸತ್ತರು, ಹಲವರು ಆಸ್ಪತ್ರೆ ಸೇರಿದರು. ಅದು ವಿಕಿರಣದ ಪ್ರಕರಣ, ಜೈವಿಕದ್ದಲ್ಲ. ಆದರೆ ದಾರಿ ಅದೇ. ಸ್ಟೋರು, ರೈಟ್ ಆಫ್, ಹರಾಜು, ಗುಜರಿ. ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಹೆಪಟೈಟಿಸ್ ಬಿ ಹರಡಿದಾಗ ಬೆಳಕಿಗೆ ಬಂದದ್ದೂ ಬಳಸಿದ ಸಿರಿಂಜುಗಳ ಮರುಬಳಕೆ ಮತ್ತು ಗುಜರಿ ವ್ಯಾಪಾರ. ಕೆಂಪು ಚೀಲದ ಪ್ಲಾಸ್ಟಿಕ್ಕನ್ನು ಬೇಯಿಸಿ ಆಮೇಲೆ ಚೂರು ಮಾಡಲೇಬೇಕೆಂದು ನಿಯಮ ಪಟ್ಟು ಹಿಡಿಯುವುದು ಯಾರೂ ಅದನ್ನು ತೊಳೆದು ಮತ್ತೆ ಮಾರದಿರಲಿ ಎಂದು.

ಈ ಎಲ್ಲ ಸರಪಳಿಯ ಮೊದಲ ಕೊಂಡಿ ಲ್ಯಾಬ್ ಅಟೆಂಡರ್ ಮತ್ತು ಗುಡಿಸುವ ಹೆಂಗಸು. ಇಬ್ಬರೂ ಹೆಚ್ಚಾಗಿ ಗುತ್ತಿಗೆಯವರು. ಕಸ ಮುಟ್ಟುವವರಿಗೆಲ್ಲ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ತರಬೇತಿ ಕೊಡಬೇಕು, ಸೂಜಿ ಚುಚ್ಚಿದರೂ ವರದಿ ಬರೆಯಬೇಕು ಎಂದು 2016ರ ನಿಯಮ ಹೇಳುತ್ತದೆ. ಮೌಲ್ಯಮಾಪನಕ್ಕೆ ನ್ಯಾಕ್ ಸಮಿತಿ ಬರುವಾಗ ವಿಶ್ವವಿದ್ಯಾಲಯಗಳು ತ್ಯಾಜ್ಯ ನಿರ್ವಹಣೆಯ ಬಗ್ಗೆ ಟಿಪ್ಪಣಿ ಬರೆದು, ಬಣ್ಣಬಣ್ಣದ ಬುಟ್ಟಿಗಳ ಫೋಟೊ ಲಗತ್ತಿಸುತ್ತವೆ. ಆ ಫೋಟೊ ಜೊತೆಗೆ ಗುಡಿಸುವವರ ಲಸಿಕೆ ಕಾರ್ಡೂ ಕೇಳಿದರೆ ಬುಟ್ಟಿಗಳ ಬಣ್ಣಕ್ಕೆ ಅರ್ಥ ಬರುತ್ತದೆ.

ಪರಿಹಾರ ದುಬಾರಿಯೇ? ಈ ಹೆದ್ದಾರಿಯ ನಕ್ಷೆ ನೋಡಿದರೆ ಹಾಗನ್ನಿಸುವುದಿಲ್ಲ. ಸೇಲಂನಿಂದ ಧರ್ಮಪುರಿಗೆ ಎಪ್ಪತ್ತು ಕಿಲೋಮೀಟರಿನೊಳಗೆ. ಎರಡೂ ಕಡೆ ದೊಡ್ಡ ಸರ್ಕಾರಿ ಆಸ್ಪತ್ರೆಗಳಿವೆ, ಅವುಗಳ ಕಸಕ್ಕೆ ಗಾಡಿ ಓಡಾಡುತ್ತದೆ. ವಿಜ್ಞಾನ ಕಲಿಸುವ ಕಾಲೇಜುಗಳಲ್ಲಿ ಹಲವು ಇದೇ ರಸ್ತೆಗೆ ಅಂಟಿಕೊಂಡಿವೆ. 48 ಗಂಟೆಯ ಗಡುವು ಸಂಸ್ಕರಿಸದ ಕಸಕ್ಕೆ. ಸ್ಥಳದಲ್ಲೇ ಸರಿಯಾಗಿ ಬೇಯಿಸಿದ್ದನ್ನು ವಾರಕ್ಕೊಮ್ಮೆ ಒಯ್ದರೂ ನಡೆಯುತ್ತದೆ. ಒಂದೊಂದು ಕಾಲೇಜೂ ಬೇರೆಬೇರೆ ಕರಾರು ಮಾಡಿಕೊಳ್ಳಲು ಹೋದರೆ ಗಾಡಿಯವನಿಗೆ ಡೀಸೆಲ್ ದುಡ್ಡೂ ಹುಟ್ಟದು. ವಿಶ್ವವಿದ್ಯಾಲಯ ತನ್ನ ಅಡಿಯ ಕಾಲೇಜುಗಳ ಪರವಾಗಿ ಒಂದೇ ಕರಾರು ಮಾಡಿದರೆ ಲೆಕ್ಕ ಬೇರೆ. ಪರೀಕ್ಷಾ ಶುಲ್ಕವನ್ನು ಇಷ್ಟು ಕಾಲೇಜುಗಳಿಂದ ತಪ್ಪದೆ ವಸೂಲಿ ಮಾಡುವ ಸಂಸ್ಥೆಗೆ ಇದೇನೂ ಭಾರದ ಕೆಲಸವಲ್ಲ. ಮಾನ್ಯತೆ ನವೀಕರಿಸುವಾಗ ಗ್ರಂಥಾಲಯದ ಪುಸ್ತಕ ಎಣಿಸುವ ತಂಡ ಬೀಜಕಣ ಪರೀಕ್ಷೆಯ ದಾಖಲೆ ಪುಸ್ತಕವನ್ನೂ ತೆರೆಸಿ ನೋಡಬಹುದು. ಇದೇ ಮಾತು ತುಮಕೂರು, ದಾವಣಗೆರೆ ವಿಶ್ವವಿದ್ಯಾಲಯಗಳಿಗೂ ಅನ್ವಯ.

ಕಾಗದದ ಕೆಲಸದ ಭಯವೂ ಬೇಡ. ಹಾಸಿಗೆ ಇರುವ ಆಸ್ಪತ್ರೆಗಳು ಅನುಮತಿಯನ್ನು ಮತ್ತೆ ಮತ್ತೆ ನವೀಕರಿಸಬೇಕು. ಹಾಸಿಗೆ ಇಲ್ಲದವರಿಗೆ ಅನುಮತಿ ಒಂದೇ ಸಲ. ಅರ್ಜಿ ಕೊಟ್ಟ 90 ದಿನಗಳಲ್ಲಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ತಕರಾರು ಎತ್ತದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಅರ್ಥ. ಆಮೇಲೆ ಪ್ರತಿ ವರ್ಷ ಜೂನ್ 30ರೊಳಗೆ ಒಂದು ವಾರ್ಷಿಕ ವರದಿ. ಅರ್ಜಿಯ ನಮೂನೆಯ ಹೆಸರು ಫಾರಂ 2.